ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿದ ಡಾಕ್ಟರ್: ಜಾನ್ ಲೀಲ್ ಅವರ ಬದುಕು

ಮಡಗಾಂವ್: ನಗರದ ಮಗ್ಗುಲಲ್ಲಿರುವ ಮೋತಿ ಡೊಂಗರ್ ಗುಡ್ಡದ ಮೇಲೆ ಕನ್ನಡ ಮಾತಾಡುವ ಕುಟುಂಬಗಳು ಬಹಳ. ಉತ್ತರ ಕರ್ನಾಟಕದಿಂದ ದುಡಿಮೆ ಅರಸಿ ಬಂದು ಇಲ್ಲೇ ನೆಲೆ ನಿಂತವರು, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ ಎಂದು ಎರಡು ನಾಲಗೆಯಲ್ಲಿ ಬದುಕುವವರು. ದಕ್ಷಿಣ ಗೋವೆಯ ಬಹುಭಾಗಕ್ಕೆ ನೀರು ಬರುವುದು ಸಾಂಗೆ ತಾಲೂಕಿನ ಸಾಳಾವಲಿ ಅಣೆಕಟ್ಟಿನಿಂದ. ಅಷ್ಟು ದೂರದಿಂದ ಪೈಪಿನಲ್ಲಿ ಬಂದ ನೀರು ಗುಡ್ಡ ಹತ್ತಿ ಮನೆಯ ನಲ್ಲಿ ಮುಟ್ಟಬೇಕು. ಗಡಿಯಾಚೆ ಕಾರವಾರ, ಜೋಯಿಡಾ, ಖಾನಾಪುರ ಕಡೆಯ ಹಳ್ಳಿಗಳಲ್ಲಿಯೂ ಕಥೆ ಹೆಚ್ಚು ಬೇರೆಯಲ್ಲ. ಬಾವಿಯೋ ಬೋರ್‌ವೆಲ್ಲೋ ಓವರ್‌ಹೆಡ್ ಟ್ಯಾಂಕೋ, ನಡುವೆ ಒಂದಿಷ್ಟು ಪೈಪು, ಕೊನೆಗೆ ನಮ್ಮ ಕೊಡ.

ಈ ನೀರಿಗೆ ಆಗಾಗ ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತದೆ. ಗಡಿಯ ಮರಾಠಿ ಹಳ್ಳಿಗಳಲ್ಲಿ ಇದೇ ಪುಡಿಗೆ ಟಿಸಿಎಲ್ ಎಂಬ ಹೆಸರು. ವಾಸನೆ ಬಂದರೆ ನಾವು ಗೊಣಗುತ್ತೇವೆ, ಬಾರದಿದ್ದರೆ ನೀರು ಚೊಕ್ಕಟವಾಗಿದೆ ಎಂದು ಸಮಾಧಾನ ಪಡುತ್ತೇವೆ. ಆದರೆ ನಿಜ ಸಂಗತಿ ಇದಕ್ಕೆ ತಿರುವುಮುರುವಾಗಿಯೂ ಇರಬಹುದು! ಒಂದು ಇಡೀ ಊರಿನ ಕುಡಿಯುವ ನೀರಿಗೆ ದಿನವೂ ಬಿಡದೆ, ಅಳೆದು, ಈ ಪುಡಿ ಬೆರೆಸುವ ಧೈರ್ಯವನ್ನು ಅಮೆರಿಕದಲ್ಲಿ ಮೊದಲು ತೋರಿದವರು ಡಾ. ಜಾನ್ ಲೀಲ್. ಯಾರ ಅನುಮತಿಯನ್ನೂ ಕೇಳದೆ ಈ ಕೆಲಸ ಮಾಡಿ, ಆಮೇಲೆ ಕೋರ್ಟಿನಲ್ಲಿ ನಿಂತು ಉತ್ತರ ಕೊಟ್ಟವರು ಅವರು. ನೀರು ಸರಬರಾಜಿನ ಇಂಜಿನಿಯರುಗಳ ಲೋಕದಲ್ಲಿ ಇಂದು ದೊಡ್ಡ ಹೆಸರು. ನಮ್ಮ ಹಳ್ಳಿಗಳಲ್ಲಿ ಮಾತ್ರ ಅವರ ಕಥೆ ಕೇಳಿದವರು ಕಡಿಮೆ.

ತಂದೆಯ ಕಾಯಿಲೆ

ಜಾನ್ ಲೀಲ್ ಹುಟ್ಟಿದ್ದು 1858ರ ಮೇ 5ರಂದು, ನ್ಯೂಯಾರ್ಕ್ ರಾಜ್ಯದ ಆಂಡಿಸ್ ಎಂಬ ಸಣ್ಣ ಊರಿನಲ್ಲಿ. ತಂದೆಯೂ ಡಾಕ್ಟರೇ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಅವರು ಸೈನ್ಯದ ವೈದ್ಯರಾಗಿ ಹೋದರು. ದಕ್ಷಿಣದ ಚಾರ್ಲ್ಸ್‌ಟನ್ ಬಳಿ ದಂಡು ಬೀಡುಬಿಟ್ಟಿದ್ದಾಗ ಆಮಶಂಕೆ ಹಬ್ಬಿತು. ಕೆಟ್ಟ ನೀರಿನ ಕಾಯಿಲೆ ಅದು. ಅನೇಕ ಸೈನಿಕರ ಜೊತೆ ವೈದ್ಯರಿಗೂ ಹತ್ತಿಕೊಂಡಿತು. ಗುಂಡು ತಾಗದೆ ಯುದ್ಧದಿಂದ ಮರಳಿದ ಮನುಷ್ಯನನ್ನು ಈ ಕಾಯಿಲೆ ಮಾತ್ರ ಬಿಡಲಿಲ್ಲ. ವರ್ಷಗಟ್ಟಲೆ ನರಳಿ 1882ರಲ್ಲಿ ತೀರಿಕೊಂಡರು.

ಕುಟುಂಬ 1867ರಲ್ಲೇ ನ್ಯೂಜೆರ್ಸಿಯ ಪ್ಯಾಟರ್ಸನ್ ನಗರಕ್ಕೆ ಬಂದು ನೆಲೆಸಿತ್ತು. ರೇಷ್ಮೆ ಗಿರಣಿಗಳ ಊರು, ಕೂಲಿಕಾರರ ಊರು. ಹೊರಗಿನಿಂದ ಬಂದವರು ಒತ್ತೊತ್ತಾಗಿ ಬದುಕುತ್ತಿದ್ದ ಊರು. ಮಗ ಜಾನ್ 1880ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪದವಿ ಪಡೆದು, ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ವೈದ್ಯಶಾಸ್ತ್ರ ಓದಿ 1884ರಲ್ಲಿ ಡಾಕ್ಟರಾದರು. ಓದು ಮುಗಿಯುವ ಮೊದಲೇ ತಂದೆ ಇರಲಿಲ್ಲ. ನೀರಿನಿಂದ ಬರುವ ರೋಗ ಎಂಥದೆಂದು ಪುಸ್ತಕ ನೋಡಿ ತಿಳಿಯುವ ಅಗತ್ಯ ಈ ಹುಡುಗನಿಗಿರಲಿಲ್ಲ, ಮನೆಯಲ್ಲೇ ಕಂಡಿದ್ದರು.

ಊರಿನ ಆರೋಗ್ಯಾಧಿಕಾರಿ

ಲೀಲ್ ಪ್ಯಾಟರ್ಸನ್‌ನಲ್ಲೇ ವೈದ್ಯವೃತ್ತಿ ಶುರು ಮಾಡಿದರು. ಕೆಲ ವರ್ಷಗಳಲ್ಲೇ ನಗರದ ವೈದ್ಯರಾಗಿ, ಬಳಿಕ ಆರೋಗ್ಯಾಧಿಕಾರಿಯಾಗಿ ಕೆಲಸ ಮಾಡಿದರು. ಆ ಕಾಲ ವಿಚಿತ್ರದ ಕಾಲ. ರೋಗ ತರುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಎಂದು ಯುರೋಪಿನ ಪ್ರಯೋಗಶಾಲೆಗಳು ಆಗಷ್ಟೇ ತೋರಿಸಿದ್ದವು. ಹಳಬರು ಇನ್ನೂ ಕೆಟ್ಟ ಗಾಳಿ, ಕೆಟ್ಟ ವಾಸನೆಯೇ ರೋಗಕ್ಕೆ ಮೂಲ ಎಂದು ನಂಬಿದ್ದರು. ಲೀಲ್ ಹೊಸ ವಿದ್ಯೆಯ ಕಡೆ ನಿಂತರು.

ಅಂಟುರೋಗ ಬಂದ ಮನೆಗಳನ್ನು ಶುದ್ಧ ಮಾಡಲು ಅವರು ಬಳಸುತ್ತಿದ್ದುದು ಕ್ಲೋರೈಡ್ ಆಫ್ ಲೈಮ್, ಅಂದರೆ ನಮ್ಮ ಬ್ಲೀಚಿಂಗ್ ಪುಡಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಪುಡಿಯಾಗಿಸಿ, ಅದರ ಮೇಲೆ ಕ್ಲೋರಿನ್ ಅನಿಲ ಹಾಯಿಸಿದರೆ ಸಿಗುವ ಬಿಳಿ ಪುಡಿ ಇದು. ಬಟ್ಟೆ ಬಿಳುಪು ಮಾಡಲು ಗಿರಣಿಗಳಲ್ಲಿ ಬಳಸುತ್ತಿದ್ದರು. ಎಷ್ಟು ತೆಳುವಾದ ದ್ರಾವಣ ರೋಗಾಣುಗಳನ್ನು ಕೊಲ್ಲುತ್ತದೆ ಎಂಬ ಲೆಕ್ಕ ಲೀಲ್ ಅವರಿಗೆ ಹೀಗೆ ಮನೆಮನೆ ತಿರುಗಿ ಕೈಗೂಡಿತು.

1899ರಲ್ಲಿ ಅವರು ನಗರದ ನೌಕರಿ ಬಿಟ್ಟು, ಆ ಭಾಗಕ್ಕೆ ನೀರು ಸರಬರಾಜು ಮಾಡುತ್ತಿದ್ದ ಖಾಸಗಿ ಕಂಪನಿಯ ಆರೋಗ್ಯ ಸಲಹೆಗಾರರಾದರು. ಈ ಸಂಗತಿಯನ್ನು ಮುಚ್ಚಿಡಬೇಕಿಲ್ಲ. ಮುಂದೆ ಅವರು ಮಾಡಿದ ಕೆಲಸದಲ್ಲಿ ಜನರ ಆರೋಗ್ಯ ಎಷ್ಟಿತ್ತೋ ಕಂಪನಿಯ ಲಾಭವೂ ಅಷ್ಟೇ ಇತ್ತು.

ನೀರಿನ ಮೇಲೆ ದಾವೆ

ಜೆರ್ಸಿ ಸಿಟಿ ಎರಡು ಲಕ್ಷಕ್ಕೂ ಹೆಚ್ಚು ಜನರ ಊರು. ಹಿಂದೆ ಅಲ್ಲಿನ ಜನ ಪೆಸೇಯಿಕ್ ನದಿಯ ನೀರು ಕುಡಿಯುತ್ತಿದ್ದರು. ಮೇಲಿನ ಊರುಗಳ ಗಟಾರವೆಲ್ಲ ಅದೇ ನದಿಗೆ. ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಊರಿನ ಖಾಯಂ ನೆಂಟ. ಕೊನೆಗೆ ನಗರಸಭೆ ಖಾಸಗಿ ಕಂಪನಿಯೊಂದಿಗೆ ಕರಾರು ಮಾಡಿಕೊಂಡಿತು. ಬೂಂಟನ್ ಎಂಬಲ್ಲಿ ರಾಕವೇ ನದಿಗೆ ಅಣೆಕಟ್ಟು ಕಟ್ಟಿ, ಸುಮಾರು 37 ಕಿಲೋಮೀಟರ್ ಪೈಪು ಎಳೆದು, ಶುದ್ಧ ಆರೋಗ್ಯಕರ ನೀರು ಕೊಡಬೇಕೆಂದು ಷರತ್ತು. 1904ರ ಮೇ ತಿಂಗಳಲ್ಲಿ ನೀರು ಬಂತು.

ಬಿಲ್ ಕೊಡುವ ಹೊತ್ತಿಗೆ ತಕರಾರು ಶುರುವಾಯಿತು. ಅಣೆಕಟ್ಟಿನ ಮೇಲ್ಭಾಗದ ಊರುಗಳ ಹೊಲಸು ನದಿಗೆ ಸೇರುತ್ತಿದೆ, ಈ ನೀರು ಶುದ್ಧವಲ್ಲ ಎಂದು ನಗರಸಭೆ ಕೋರ್ಟಿಗೆ ಹೋಯಿತು. 1906ರಿಂದ ಸಾಕ್ಷಿ, ಪಾಟೀಸವಾಲು ನಡೆದು 1908ರ ಮೇ ತಿಂಗಳಲ್ಲಿ ನ್ಯಾಯಾಧೀಶ ಫ್ರೆಡರಿಕ್ ಸ್ಟೀವನ್ಸ್ ತೀರ್ಮಾನ ಕೊಟ್ಟರು. ಬಹುಪಾಲು ದಿನ ನೀರು ಚೆನ್ನಾಗಿದೆ, ಆದರೆ ವರ್ಷಕ್ಕೆ ಎರಡು ಮೂರು ಸಲ ಜೋರು ಮಳೆಯಾದಾಗ ಹೊಲಸು ಕೊಚ್ಚಿ ಬಂದು ನೀರು ಕೆಡುತ್ತದೆ ಎಂದು ಅವರ ಅಭಿಪ್ರಾಯ. ಮೇಲಿನ ಊರುಗಳಿಗೆ ಒಳಚರಂಡಿ ಕಟ್ಟಿಸಬೇಕು, ಇಲ್ಲವೇ ಅಷ್ಟೇ ಫಲ ಕೊಡುವ ಬೇರೆ ಉಪಾಯ ತೋರಿಸಬೇಕು ಎಂದಾಯಿತು. ಕಂಪನಿಗೆ ಸಿಕ್ಕ ವಾಯಿದೆ ಮೂರೇ ತಿಂಗಳು.

ಆ ಬೇರೆ ಉಪಾಯ ಎಂಬ ಸಣ್ಣ ಕಿಂಡಿಯಲ್ಲಿ ಲೀಲ್ ಒಳನುಗ್ಗಿದರು.

99 ದಿನಗಳ ಕೆಲಸ

ಲೀಲ್ ಹೇಳಿದ ಉಪಾಯ ಸರಳ. ಅಣೆಕಟ್ಟಿನಿಂದ ಹೊರಡುವ ನೀರಿಗೆ ಬ್ಲೀಚಿಂಗ್ ಪುಡಿಯ ತೆಳು ದ್ರಾವಣವನ್ನು ಹಗಲಿರುಳು ಬೆರೆಸುತ್ತಲೇ ಇರುವುದು. ಕಂಪನಿಯ ವಕೀಲರೇ ಗಾಬರಿಯಾಗುವ ಮಾತು ಅದು. ಕುಡಿಯುವ ನೀರಿಗೆ ರಾಸಾಯನಿಕ ಹಾಕುವುದೆಂದರೆ ಆಗ ಪಾಪವೆಂಬಂತೆ ನೋಡುತ್ತಿದ್ದರು. ದೊಡ್ಡ ದೊಡ್ಡ ನೀರು ತಜ್ಞರೇ ಇದನ್ನು ಅಸಹ್ಯವೆಂದು ತಳ್ಳಿಹಾಕಿದ್ದರು.

ಪೂರ್ತಿ ಹೊಸದೇನೂ ಅಲ್ಲ. ಇಂಗ್ಲೆಂಡಿನ ಮೇಡ್‌ಸ್ಟೋನ್‌ನಲ್ಲಿ 1897ರಲ್ಲಿ ಟೈಫಾಯ್ಡ್ ಹಬ್ಬಿದಾಗ ಪೈಪುಗಳನ್ನು ಈ ಪುಡಿಯಿಂದ ತೊಳೆದಿದ್ದರು. ಬೆಲ್ಜಿಯಂನ ಮಿಡ್ಡಲ್‌ಕೆರ್ಕ್ ಎಂಬ ಸಣ್ಣ ಊರಿನಲ್ಲಿ 1902ರಿಂದ ನೀರಿಗೆ ಕ್ಲೋರಿನ್ ಬಳಕೆ ಇತ್ತು. ಲಿಂಕನ್ ನಗರದಲ್ಲಿ 1905ರಲ್ಲಿ ಟೈಫಾಯ್ಡ್ ಬಂದಾಗ ಅಲೆಗ್ಸಾಂಡರ್ ಹ್ಯೂಸ್ಟನ್ ಎಂಬ ತಜ್ಞರು ಕೂಡ ಹೀಗೆ ಮಾಡಿ ಗೆದ್ದಿದ್ದರು. ಆದರೆ ರೋಗ ಬಂದ ಮೇಲೆ ಮದ್ದು ಹಾಕುವುದು ಬೇರೆ. ದೊಡ್ಡ ನಗರವೊಂದಕ್ಕೆ, ರೋಗವಿರಲಿ ಇಲ್ಲದಿರಲಿ, ನಿತ್ಯವೂ ಹಾಕುತ್ತ ಹೋಗುವುದು ಬೇರೆ.

ಯಂತ್ರದ ವಿನ್ಯಾಸಕ್ಕೆ ಲೀಲ್ ಆರಿಸಿಕೊಂಡದ್ದು ಆಗಿನ ಹೆಸರಾಂತ ಇಂಜಿನಿಯರ್ ಜಾರ್ಜ್ ಫುಲ್ಲರ್ ಅವರನ್ನು. ತೊಟ್ಟಿಗಳಲ್ಲಿ ಪುಡಿ ಕಲಸಿ, ದ್ರಾವಣವನ್ನು ಅಳತೆಯ ತೂತಿನಿಂದ ತನ್ನ ಭಾರಕ್ಕೇ ಇಳಿದುಬಂದು ನೀರಿಗೆ ಸೇರುವಂತೆ ಮಾಡಿದರು. 99 ದಿನಗಳಲ್ಲಿ ಎಲ್ಲ ಮುಗಿಯಿತು. 1908ರ ಸೆಪ್ಟೆಂಬರ್ 26ರಂದು ಬೂಂಟನ್‌ನಲ್ಲಿ ಕೆಲಸ ಶುರು. ದಿನಕ್ಕೆ ಸುಮಾರು 15 ಕೋಟಿ ಲೀಟರ್ ನೀರು! ಅಷ್ಟು ನೀರಿಗೆ ಹಾಕಿದ ಕ್ಲೋರಿನ್ ಎಷ್ಟು ಗೊತ್ತೇ? ಹತ್ತು ಲಕ್ಷ ಪಾಲು ನೀರಿಗೆ 0.2ರಿಂದ 0.35 ಪಾಲು ಮಾತ್ರ. ಒಂದು ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ಮೂರನೇ ಒಂದು ಗ್ರಾಮಿನಷ್ಟು.

ಜೆರ್ಸಿ ಸಿಟಿಯ ಜನರನ್ನು ಯಾರೂ ಕೇಳಲಿಲ್ಲ. ನ್ಯಾಯಾಧೀಶರ ಒಪ್ಪಿಗೆಯನ್ನೂ ಮುಂಚಿತವಾಗಿ ಪಡೆಯಲಿಲ್ಲ. ಯಂತ್ರ ಓಡಲು ತೊಡಗಿದ ಮೂರೇ ದಿನಕ್ಕೆ ಎರಡನೇ ವಿಚಾರಣೆ ಆರಂಭವಾಯಿತು.

ಕಟಕಟೆಯಲ್ಲಿ ಡಾಕ್ಟರ್

ಎರಡನೇ ವಿಚಾರಣೆಯಲ್ಲಿ ಲೀಲ್ ಅವರೇ ಮುಖ್ಯ ಸಾಕ್ಷಿ. ನಗರದ ಪರ ವಕೀಲರು ಬಿಡಲಿಲ್ಲ. ನೀವು ಇಡೀ ಊರಿನ ಮೇಲೆ ಪ್ರಯೋಗ ನಡೆಸಿದ್ದೀರಲ್ಲ ಎಂಬ ಧಾಟಿಯ ಪ್ರಶ್ನೆಗಳು. ಈ ನೀರನ್ನು ಸ್ವತಃ ಕುಡಿಯುವಿರಾ, ಹೆಂಡತಿ ಮಕ್ಕಳಿಗೆ ಕುಡಿಸುವಿರಾ ಎಂದೂ ಕೇಳಿದರು. ಲೀಲ್ ಅಳುಕದೆ ಹೌದೆಂದರು. ಇದಕ್ಕಿಂತ ಕ್ಷೇಮದ ನೀರು ತಮಗೆ ಗೊತ್ತಿಲ್ಲವೆಂದೂ ಹೇಳಿದರು. ನಗರದ ಪರವಾಗಿ ಬಂದ ವಿಜ್ಞಾನಿಗಳು ಸಾಮಾನ್ಯರಲ್ಲ, ದೇಶದಲ್ಲೇ ಹೆಸರಾದವರು. ಮೂಲದಲ್ಲಿ ಹೊಲಸು ತಡೆಯದೆ ಕೊನೆಯಲ್ಲಿ ಪುಡಿ ಹಾಕಿ ಕೈ ತೊಳೆದುಕೊಳ್ಳುವುದು ಸರಿಯಲ್ಲ ಎಂಬುದು ಅವರ ವಾದದ ತಿರುಳು.

ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಗಟಾರ ಕಟ್ಟಿಸಿದರೆ ಮೇಲಿನ ಊರಿನ ಜನರಿಗೂ ಒಳಿತಾಗುತ್ತಿತ್ತು. ಕಂಪನಿಗೆ ಮಾತ್ರ ದೊಡ್ಡ ಖರ್ಚು. ಪುಡಿಯಾದರೆ ಅಗ್ಗ. ಆದರೆ ಬ್ಯಾಕ್ಟೀರಿಯಾ ಎಣಿಕೆಯ ಲೆಕ್ಕ ಲೀಲ್ ಕಡೆಗಿತ್ತು. ತಿಂಗಳುಗಟ್ಟಲೆ ತೆಗೆದ ಮಾದರಿಗಳಲ್ಲಿ ಹೊಲಸಿನ ಗುರುತಾದ ಜೀವಿಗಳು ಬಹುತೇಕ ಮಾಯವಾಗಿದ್ದವು. ವಿಚಾರಣೆ ನಡೆಸಿದ ವಿಲಿಯಂ ಮ್ಯಾಗಿ ಅವರು 1910ರ ಮೇ ತಿಂಗಳಲ್ಲಿ ವರದಿ ಕೊಟ್ಟು, ಈ ವಿಧಾನದಿಂದ ಶುದ್ಧ ಆರೋಗ್ಯಕರ ನೀರು ಕೊಡಲು ಸಾಧ್ಯವಿದೆ ಎಂದು ಒಪ್ಪಿದರು.

ಮುಂದಿನದು ಓಟವೇ ಓಟ. ಊರಿಂದೂರಿಗೆ ಈ ಪದ್ಧತಿ ಹಬ್ಬಿತು. 1914ರ ಹೊತ್ತಿಗೆ ಅಮೆರಿಕದಲ್ಲಿ ಎರಡು ಕೋಟಿಗೂ ಹೆಚ್ಚು ಜನ ಕ್ಲೋರಿನ್ ಹಾಕಿದ ನೀರು ಕುಡಿಯುತ್ತಿದ್ದರು. ವಿಮಾನ ಕಂಡುಹಿಡಿದ ಸೋದರರಲ್ಲಿ ಹಿರಿಯರಾದ ವಿಲ್ಬರ್ ರೈಟ್ 1912ರಲ್ಲಿ ತೀರಿಕೊಂಡದ್ದು ಟೈಫಾಯ್ಡಿನಿಂದಲೇ. ಅಂಥ ಮನೆಗಳನ್ನೂ ಬಿಡದ ರೋಗ ಅದು. 1900ರಲ್ಲಿ ಆ ದೇಶದಲ್ಲಿ ಲಕ್ಷ ಜನರಿಗೆ ಸುಮಾರು 100 ಮಂದಿಗೆ ಟೈಫಾಯ್ಡ್ ಬರುತ್ತಿತ್ತು. 1920ಕ್ಕೆ ಅದು 34ಕ್ಕೆ ಇಳಿಯಿತು. ಮರಳು ಸೋಸುವಿಕೆ, ಒಳಚರಂಡಿ, ಹಾಲು ಕಾಯಿಸುವ ಪದ್ಧತಿ ಎಲ್ಲವೂ ಇದರಲ್ಲಿ ಪಾಲುದಾರರು. ಕ್ಲೋರಿನ್ನಿನ ಪಾಲು ಮಾತ್ರ ಸಣ್ಣದಲ್ಲ.

ಹೆಸರು ಅಳಿದ ಸಮಾಧಿ

ಲೀಲ್ ಹೆಚ್ಚು ಕಾಲ ಬದುಕಲಿಲ್ಲ. 1914ರ ಮಾರ್ಚ್ 13ರಂದು, 55ನೇ ವಯಸ್ಸಿನಲ್ಲಿ ತೀರಿಕೊಂಡರು. ತಾವು ಮಾಡಿದ್ದನ್ನು ಡಂಗುರ ಸಾರುವ ಸ್ವಭಾವ ಅವರದಲ್ಲ. ಅವರು ಹೋದ ಮೇಲೆ ಹೊಗಳಿಕೆ ಬೇರೆಯವರ ಪಾಲಾಯಿತು. ಪ್ಯಾಟರ್ಸನ್‌ನ ಸ್ಮಶಾನದಲ್ಲಿ ಅವರ ಸಮಾಧಿಯ ಬಳಿ ಅವರ ಕೆಲಸದ ನೆನಪಿನ ಕಲ್ಲು ನಿಂತದ್ದು 2013ರ ಮೇ 5ರಂದು, ಅಂದರೆ ಸತ್ತು 99 ವರ್ಷಗಳ ನಂತರ. ಯಂತ್ರ ಕಟ್ಟಲು 99 ದಿನ, ಕೆಲಸ ಗುರುತಿಸಲು 99 ವರ್ಷ! ಅಮೆರಿಕದ ನೀರು ಸರಬರಾಜು ಸಂಘ ಈಗ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ಲೀಲ್ ಬಿಟ್ಟುಹೋದ ಒಂದು ಪ್ರಶ್ನೆ ಬಾಕಿ ಇತ್ತು. ಎಷ್ಟು ಹಾಕಬೇಕು? ಒಂದೊಂದು ನೀರಿಗೆ ಒಂದೊಂದು ಹಸಿವು. ಕೆಸರು, ಕೊಳೆತ ಎಲೆ, ಕಬ್ಬಿಣ, ಗಟಾರದ ಅಮೋನಿಯ ಇವೆಲ್ಲ ಮೊದಲು ಕ್ಲೋರಿನ್ನನ್ನು ತಿಂದುಹಾಕುತ್ತವೆ. ತಿಂದು ಮಿಕ್ಕಿದ್ದೇ ಮುಂದೆ ಕಾವಲು ಕಾಯುವುದು. ಮೇರಿಲ್ಯಾಂಡಿನ ಏಬಲ್ ವೋಲ್ಮನ್ ಮತ್ತು ಲಿನ್ ಎನ್ಸ್‌ಲೋ ಎಂಬ ಇಬ್ಬರು ತರುಣರು 1919ರಲ್ಲಿ ಈ ಹಸಿವನ್ನು ಅಳೆದು, ಅದಕ್ಕೆ ತಕ್ಕಂತೆ ಪ್ರಮಾಣ ನಿಗದಿ ಮಾಡುವ ಕ್ರಮ ತೋರಿಸಿಕೊಟ್ಟರು. ಇಂದಿಗೂ ಜಗತ್ತು ನಡೆಯುತ್ತಿರುವುದು ಅದೇ ದಾರಿಯಲ್ಲಿ.

ನಮ್ಮ ನಲ್ಲಿಗೆ ಎಷ್ಟು?

ಭಾರತೀಯ ಮಾನಕದ ಪ್ರಕಾರ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಮಳೆಗಾಲದಲ್ಲಿ, ರೋಗ ಹಬ್ಬಿದಾಗ 0.5 ಇದ್ದರೆ ಒಳ್ಳೆಯದು. ವಾಸನೆ ಬಂತೆಂದು ಹೆದರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಹಾಕಿರುವ ಗಡಿ ಲೀಟರಿಗೆ 5 ಮಿಲಿಗ್ರಾಂ. ನಮ್ಮ ಮೂಗಿಗೆ ಅದಕ್ಕಿಂತ ಎಷ್ಟೋ ಕಡಿಮೆ ಇದ್ದಾಗಲೇ ವಾಸನೆ ಹತ್ತುತ್ತದೆ. ಕ್ಲೋರಿನ್ ಎಲೆ ಕೊಳೆತ ನೀರಿನೊಂದಿಗೆ ಸೇರಿ ಕೆಲವು ಬೇಡದ ಸಂಯುಕ್ತಗಳನ್ನು ಮಾಡುತ್ತದೆ ಎಂದು 1974ರಲ್ಲಿ ಗೊತ್ತಾಯಿತು. ಅದಕ್ಕೆ ಪರಿಹಾರ ನೀರನ್ನು ಮೊದಲು ಚೆನ್ನಾಗಿ ಸೋಸುವುದು, ಕ್ಲೋರಿನ್ ನಿಲ್ಲಿಸುವುದಲ್ಲ.

ಅಪಾಯ ಹೆಚ್ಚಿರುವುದು ಪೈಪಿನ ಕೊನೆಯಲ್ಲಿ. ನೀರು ದಿನವಿಡೀ ಹರಿಯದ ಕಡೆ ಪೈಪು ಖಾಲಿಯಾದಾಗ ಒಳಗೆ ಎಳೆತ ಹುಟ್ಟುತ್ತದೆ. ಯಾರಾದರೂ ಪೈಪಿಗೇ ಮೋಟಾರು ಹಚ್ಚಿದರಂತೂ ಕೇಳುವುದೇ ಬೇಡ. ಎಲ್ಲೋ ಒಂದು ಬಿರುಕಿದ್ದರೆ ಪಕ್ಕದ ಗಟಾರದ ನೀರು ಒಳಕ್ಕೆ ಬರುತ್ತದೆ. ಆಗ ಪೈಪಿನೊಳಗೆ ಕಾವಲಿರುವುದು ಆ ಉಳಿಕೆ ಕ್ಲೋರಿನ್ ಒಂದೇ. ಬಹಳ ಹೊಲಸು ನುಗ್ಗಿದರೆ ಅದೂ ಸೋಲುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆತಿಲ್ಲ.

ಬಾವಿ, ಟ್ಯಾಂಕಿಗೆ ಪುಡಿ ಹಾಕುವವರಿಗೆ ಸಾಮಾನ್ಯ ಲೆಕ್ಕ ಹೀಗಿದೆ: ತಿಳಿ ನೀರಿಗೆ, ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 2.5 ಗ್ರಾಂ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28 ಸಾವಿರ ಲೀಟರ್. ಅದಕ್ಕೆ ಸುಮಾರು 70 ಗ್ರಾಂ ಪುಡಿ. ಬಕೆಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ನೀರು ಬೆರೆಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಬೇಕು. ಅರ್ಧ ಗಂಟೆಯಾದರೂ ಬಿಟ್ಟು ಆಮೇಲೆ ನೀರು ಬಳಸಬೇಕು. ನೀರು ರಾಡಿಯಾಗಿದ್ದರೆ ಈ ಲೆಕ್ಕ ಸಾಲದು, ಪರೀಕ್ಷೆ ಮಾಡಿಯೇ ಹಾಕಬೇಕು.

ಇನ್ನೊಂದು ಮಾತು. ಹೊಸ ಪುಡಿಯಲ್ಲಿ ನೂರಕ್ಕೆ 25ರಿಂದ 33ರಷ್ಟು ಕ್ಲೋರಿನ್ ಇರುತ್ತದೆ. ಚೀಲದ ಬಾಯಿ ಬಿಚ್ಚಿಟ್ಟು, ತೇವ ತಾಗಿ, ಬಿಸಿಲು ಬಿದ್ದರೆ ಅದು ಬರೀ ಸುಣ್ಣವಾಗುತ್ತದೆ. ಗ್ರಾಮ ಪಂಚಾಯಿತಿಯ ಮೂಲೆಯಲ್ಲಿ ಒಂದು ಮಳೆಗಾಲ ಕಳೆದ ಪುಡಿಯನ್ನು ಲೆಕ್ಕಪ್ರಕಾರ ಹಾಕಿದರೂ ಪುಸ್ತಕದಲ್ಲಿ ಬರೆದುಕೊಳ್ಳಲು ಮಾತ್ರ ಆದೀತು, ರೋಗಾಣು ಸಾಯದು. ಮನೆಯಲ್ಲಿ ಬ್ಯಾರಲ್ಲಿನಲ್ಲಿ ಮುಚ್ಚಳವಿಲ್ಲದೆ ಎರಡು ಮೂರು ದಿನ ಇಟ್ಟ ನೀರಿನಿಂದಲೂ ಕ್ಲೋರಿನ್ ಹಾರಿಹೋಗುತ್ತದೆ. ಅದಕ್ಕೆ ಕೈ ಅದ್ದಿ ಚೊಂಬು ಮುಳುಗಿಸಿದರೆ ಸರಕಾರ ಎಷ್ಟು ಪುಡಿ ಹಾಕಿದರೂ ಪ್ರಯೋಜನವಿಲ್ಲ. ಮುಚ್ಚಿದ ಪಾತ್ರೆ, ಉದ್ದ ಹಿಡಿಕೆಯ ಸೌಟು ಇಷ್ಟು ಸಾಕು. ಸಂಶಯ ಬಂದರೆ ಕುದಿಸಿಯೇ ಕುಡಿಯಿರಿ.

ನೂರು ವರ್ಷ ಕಳೆದ ಮೇಲೆ ನೋಡಿದರೆ, ಜೆರ್ಸಿ ಸಿಟಿಯ ದಾವೆಯಲ್ಲಿ ಎರಡೂ ಕಡೆಯವರು ಹೇಳಿದ್ದರಲ್ಲಿ ನಿಜವಿತ್ತು. ಕ್ಲೋರಿನ್ ಇಲ್ಲದೆ ಜನ ಸಾಯುತ್ತಿದ್ದರು, ಲೀಲ್ ಅದನ್ನು ತಡೆದರು. ಕ್ಲೋರಿನ್ ಇದೆಯೆಂದು ಗಟಾರವನ್ನು ಹಾಗೇ ಬಿಡಬಾರದೆಂಬ ಮಾತೂ ಸರಿಯೇ. ಗುಡ್ಡದ ಮೇಲಿನ ವಸತಿಯಾಗಲಿ ಗಡಿಯ ಹಳ್ಳಿಯಾಗಲಿ, ನೀರಿನ ಪೈಪು ಗಟಾರದಲ್ಲೇ ಹಾದುಹೋಗುವುದು ಕಂಡರೆ ಪುಡಿ ಬರುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. ಪಂಚಾಯಿತಿಗೆ, ನಗರಸಭೆಗೆ ಬರೆದುಕೊಡಿ.

ಇನ್ನು ಪರೀಕ್ಷೆ ಕಷ್ಟದ್ದಲ್ಲ. ಸಣ್ಣ ಕೊಳವೆಯಲ್ಲಿ ನೀರು ಹಿಡಿದು ಗುಳಿಗೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ, ಬಣ್ಣ ಎಷ್ಟು ಗಾಢವೋ ಕ್ಲೋರಿನ್ ಅಷ್ಟು. ಇದನ್ನು ನೋಡಬೇಕಾದದ್ದು ಟ್ಯಾಂಕಿನ ಬುಡದಲ್ಲಲ್ಲ, ಸಾಲಿನ ಕೊನೆಯ ಮನೆಯ ನಲ್ಲಿಯಲ್ಲಿ. ಮುಂದಿನ ಸಲ ನಿಮ್ಮ ಊರಿನ ನೀರು ಬಿಡುವವರು ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: ಕೊನೆಯ ಮನೆಯ ನಲ್ಲಿಯಲ್ಲಿ ಇವತ್ತು ಎಷ್ಟು ಬಂತು?